ರಣಚಂಡಿಯ ಹಾಜರಿ

ಕನ್ನಡಕದಂಗಡಿಯ ಬಾಗಿಲು ತೆಗೆದ ಮೇಲೆ ಅವಳಿಗೆ ನೆನಪಾಯಿತು, ಫೋನು ಮನೆಯಲ್ಲೇ ಉಳಿದಿದೆ. ಆ ಫೋನಿನೊಳಗೆ ರಣಚಂಡಿ ಇದ್ದಳು.

ಹನ್ನೊಂದು ತಿಂಗಳ ಹಿಂದೆ ಫೋನಿನಲ್ಲಿ ಯುದ್ಧದ ಆಟ ಶುರುವಾದಾಗ ರಣಚಂಡಿಯ ಕೈಯಲ್ಲಿದ್ದದ್ದು ಒಂದು ಕೋಲು, ಮೈಮೇಲೆ ಗೋಣಿಯಂಥ ಅಂಗಿ. ಇಲಿ ಹೊಡೆದು ಹೊಡೆದು ಕತ್ತಿ, ತೋಳ ಹೊಡೆದು ಗುರಾಣಿ, ಕೊನೆಗೆ ಬೆಳ್ಳಿಯ ಕವಚ. ಈಗ ಐವತ್ತೊಂಬತ್ತನೇ ಮಟ್ಟ. ಮನೆಯಲ್ಲಿ ಬೆಳಗಿಟ್ಟ ಪಾತ್ರೆ ಮಧ್ಯಾಹ್ನಕ್ಕೆ ಎಂಜಲು, ಮಡಚಿಟ್ಟ ಬಟ್ಟೆ ಮರುದಿನಕ್ಕೆ ಕೊಳೆ. ಮಾಡಿದ ಕೆಲಸ ಮಾಡಿದ ಹಾಗೇ ಉಳಿಯುತ್ತಿದ್ದದ್ದು ರಣಚಂಡಿಯಲ್ಲಿ ಮಾತ್ರ.

ಇವತ್ತು ಸಂಜೆ ಏಳಕ್ಕೆ ಕೋಟೆಯ ಮುತ್ತಿಗೆ. ಗೆದ್ದರೆ, ತಂಡದವರು ಆರಿಸಿದ ಒಬ್ಬರಿಗೆ ಕಿರೀಟ. ಮಧ್ಯಾಹ್ನದೊಳಗೆ ಹಾಜರಿ ಒತ್ತದವರಿಗೆ ಪ್ರವೇಶವೇ ಇಲ್ಲ.

ಅಂಗಡಿಯ ಫೋನಿನಿಂದ ಅತ್ತೆಯ ಹಳೇ ಫೋನಿಗೆ ಕರೆ ಮಾಡಿ, ತನ್ನ ಫೋನಿನ ಆಟ ತೆರೆದು ಹಸಿರು ಗುಂಡಿ ಒತ್ತಿಬಿಡಿ ಎಂದು ಬೇಡಿಕೊಂಡಳು. ಅತ್ತೆಗೆ ಹಸಿರು ಗುಂಡಿ ನಾಲ್ಕು ಕಂಡವು. ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಹಿರಿಯರು ರಿಸೀವರ್ ಕಿತ್ತುಕೊಂಡು, "ಎಲ್ಲವನ್ನೂ ಒತ್ತಿ ನೋಡಿ, ಗಂಟೇನೂ ಹೋಗಲ್ಲ" ಅಂದರು. ಅವರ ಕೈಯಿಂದ ಕಣ್ಣು ಪರೀಕ್ಷೆ ಮಾಡುವವಳು ಕಿತ್ತುಕೊಂಡು, ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಆಟದಲ್ಲಿರುವವರೇ ಹೇಳಿಕೊಡುತ್ತಾರೆ ಅಂದಳು. ಇವಳು ಕೈಚಾಚುವಷ್ಟರಲ್ಲಿ ಕರೆ ಕಟ್ಟಾಯಿತು. ಆಮೇಲೆ ಅತ್ತೆ ಫೋನೇ ಎತ್ತಲಿಲ್ಲ.

ಅವಳ ಮೈ ಅಂಗಡಿಯಲ್ಲಿ, ಜೀವ ಮನೆಯಲ್ಲಿ. ಬಸ್ ಚಾಲಕನೊಬ್ಬನಿಗೆ ಯಾರದೋ ಓದುವ ಕನ್ನಡಕ ಕೊಟ್ಟಳು. ಆತ ಅದನ್ನು ಹಾಕಿಕೊಂಡು, ಕನ್ನಡಿಯಲ್ಲಿದ್ದ ತನಗೇ ದಾರಿ ಬಿಡಿ ಅಂದ. ಮಾಲೀಕರಿಂದ ಅರ್ಧ ಗಂಟೆ ಮಂಗಳಾರತಿಯಾಯಿತು.

ಆರೂವರೆಗೆ ಮನೆ ಸೇರಿದಾಗ ಅತ್ತೆ ನಗುನಗುತ್ತಾ ಫೋನು ಕೊಟ್ಟರು. ಹಾಜರಿಯೇನೋ ಬಿದ್ದಿತ್ತು. ಆದರೆ ರಣಚಂಡಿ ಗೋಣಿ ಅಂಗಿಯಲ್ಲಿ ನಿಂತಿದ್ದಳು. ಕವಚ ಇಲ್ಲ, ಕತ್ತಿ ಇಲ್ಲ. ಚೀಲ ಒಣಗಿದ ಸೋರೆಬುರುಡೆಯಂತೆ ಬರಿದು.

ಅವಳು ಧೊಪ್ಪನೆ ಕುಳಿತಳು.

"ಎಲ್ಲಾ ಹಂಚಿಬಿಟ್ಟೆ ಕಣೇ," ಅಂದರು ಅತ್ತೆ. "ನಿನ್ನ ತಂಡದೋರು ಇಪ್ಪತ್ತು ಮಂದಿ ಮೊಂಡುಕೋಲು ಹಿಡ್ಕೊಂಡು ನಿಂತಿದ್ರು. ಇವಳೊಬ್ಬಳ ಚೀಲದಲ್ಲಿ ಹನ್ನೆರಡು ಕತ್ತಿ, ಎಂಟು ಈಟಿ. ಇರೋದೇ ಎರಡು ಕೈ, ಅಷ್ಟೆಲ್ಲ ಯಾಕೆ?"

"ಅತ್ತೆ, ಅದು ನನ್ನ ಹನ್ನೊಂದು ತಿಂಗಳು."

"ಅದಕ್ಕೇ, ತುಕ್ಕು ಹಿಡಿಯೋ ಮುಂಚೆ ಕೊಟ್ಟೆ."

ಏಳಾಯಿತು. ಅವಳು ಅಳುತ್ತಲೇ ನೋಡಿದಳು. ಅವಳದೇ ಕತ್ತಿ, ಈಟಿ ಹಿಡಿದ ಇಪ್ಪತ್ತು ಮಂದಿ ಕೋಟೆಗೆ ನುಗ್ಗಿದರು. ಕಾಲುಗಂಟೆಯಲ್ಲಿ ಗೋಡೆ ಉರುಳಿತು. ಕಿರೀಟ ಯಾರಿಗೆ ಎಂದು ಕೇಳಿದಾಗ ಅಷ್ಟೂ ಮಂದಿ ಬರೆದದ್ದು ಒಂದೇ ಹೆಸರು, ರಣಚಂಡಿ.

ಅವಳು ಮೈಕ್ ಒತ್ತಿ ಎಲ್ಲರಿಗೂ ವಂದನೆ ಹೇಳಿದಳು.

"ನೀವ್ಯಾರು?" ಆ ಕಡೆಯಿಂದ ಒಂದು ದನಿ ಕೇಳಿತು. "ಹಗಲೆಲ್ಲ ನಮ್ಮ ಜೊತೆ ಮಾತಾಡಿದ ಅಮ್ಮನ ಫೋನು ಯಾಕೆ ಮುಟ್ಟಿದ್ರಿ? ಅವರಿಗೆ ಕೊಡಿ."

ರಣಚಂಡಿಯನ್ನು ಬೆಳೆಸಿದವಳೇ ತಾನು ಎಂದು ಅವಳು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಹಿಂದಿನ ರಣಚಂಡಿ ಹಿಡಿದ ಮುಷ್ಟಿ ಬಿಚ್ಚಿದವಳಲ್ಲ, ಯಾರನ್ನೂ ಮಾತಾಡಿಸಿದವಳಲ್ಲ, ಇವತ್ತೇ ಅವಳು ಮನುಷ್ಯಳಾದದ್ದು ಎಂದು ಇನ್ನೊಂದು ದನಿ ಸೇರಿಸಿತು.

ಅತ್ತೆ ಒದ್ದೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡರು. ಬಂದೆ ಮಕ್ಕಳಾ ಎನ್ನುತ್ತಾ ಕಿರೀಟ ಇಟ್ಟುಕೊಂಡರು. ಆಮೇಲೆ ಸೊಸೆಯ ಮುಖ ನೋಡಿ ಅವಳ ಬೆನ್ನು ಸವರಿದರು.

"ನೀನು ಹೊಸದಾಗಿ ಒಬ್ಬಳನ್ನ ಮಾಡ್ಕೋ. ನಮ್ಮನೆಯವಳೇ ಅಂತ ಹೇಳ್ತೀನಿ. ಕೋಟೆ ಗುಡಿಸೋಕಾದ್ರೂ ಸೇರಿಸ್ಕೋತಾರೆ."