ಬಳುವಳಿಯ ಹಸು

ಮಕ್ಕಳಿಲ್ಲದೆ ಗತಿಸಿದವಳ ಬಳುವಳಿಯ ಹಸು ತವರಿಗೇ ಮರಳಬೇಕೆಂಬುದು ಆ ಎರಡು ಮನೆತನಗಳ ವಾಡಿಕೆ. ಮಾದಮ್ಮ ತೀರಿಕೊಂಡು ತಿಂಗಳಾಗಿತ್ತು. ಅವಳು ತಂದ ಗೌರಿ ಮಾತ್ರ ಪುಣಜನೂರಿನ ಕೊಟ್ಟಿಗೆಯಲ್ಲಿ ಇನ್ನೂ ಅವಳ ದನಿಗಾಗಿ ಕಿವಿ ನಿಮಿರಿಸುತ್ತಿತ್ತು. ಗಂಡ ರಂಗನಾಯಕನಿಗೆ ಮಾತಾಡಿಸಲು ಉಳಿದ ಜೀವ ಅದೊಂದೇ. ಅದನ್ನು ಕರೆದೊಯ್ಯಲು ಭೀಮನಬೀಡಿನಿಂದ ಭಾಮೈದ ಶಶಿಕುಮಾರ ಬರುವವನಿದ್ದ.

ಗಬ್ಬದ ಹಸು ರಂಗನಾಯಕನ ಎತ್ತರದ ಪಿಕಪ್ ಹತ್ತಲಾರದೆಂದು ನೆರೆಮನೆಯ ಹುಚ್ಚಯ್ಯ ಬೆಳಗಾಗುತ್ತಲೇ ತಗ್ಗಿನ ಟ್ರೇಲರೊಂದನ್ನು ಎಳೆತಂದ. ಕೇಳದೆ ಉಪಕರಿಸುವುದು ಅವನ ನಿತ್ಯವ್ರತ.

“ಇಂದ್ಗಡೆ ಲೈಟ್ ಉರೀದಿದ್ರೆ ಚೆಕ್‌ಪೋಸ್ಟ್‌ನೋರು ಬುಡಕಿಲ್ಲ ಕಣ್ಲಾ. ನೀ ಪಿಕಪ್ಪಿಗೆ ಸಾಕೆಟ್ ಕೂರ್ಸು, ನಾ ಟ್ರೇಲರ್ ಪ್ಲಗ್ ಕಟ್ತೀನಿ.”

“ನಿಂಗೆ ವೈರಿಂಗ್ ಬತ್ತದಾ ಅಣ್ಣ?”

“ಮಾರಮ್ಮನ ಗುಡಿಗೆ ಸೀರಿಯಲ್ ಸೆಟ್ ಕಟ್ದೋನು ಯಾರ್ಲಾ?”

ಆ ರಾತ್ರಿ ಊರಿಗೆ ಊರೇ ಕತ್ತಲಾದದ್ದನ್ನು ರಂಗನಾಯಕ ಎತ್ತಲಿಲ್ಲ. ಅವನ ಆಶೆಯೆಲ್ಲ ಹುಚ್ಚಯ್ಯನ ಆ ಕೈಗುಣದ ಮೇಲೆಯೇ ನಿಂತಿತ್ತು.

ಸಾಕೆಟ್ಟಿನೊಳಗೆ ಏಳು ತಂತಿಗಳು ಸಪ್ತರ್ಷಿಗಳಂತೆ ಮೌನವಾಗಿ ಕುಳಿತಿದ್ದವು. ಆದರೂ ಖಾತ್ರಿಗಿರಲೆಂದು, ಯಾರೂ ನೋಡದ ಗಳಿಗೆಯಲ್ಲಿ ರಂಗನಾಯಕ ಎಡ ಇಂಡಿಕೇಟರಿನ ವೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬಿಗಿದ. ಎಡಕ್ಕೆ ತಿರುಗುವ ಗಾಡಿಯ ಬಲದೀಪ ಮಿಣುಕಿದರೆ ಗಬ್ಬದ ಹಸುವನ್ನು ಹೆದ್ದಾರಿಗೆ ಯಾರು ತಾನೆ ಬಿಟ್ಟಾರು? ಕರು ಹಾಕುವವರೆಗಾದರೂ ಗೌರಿ ತನ್ನಲ್ಲೇ ಉಳಿದೀತು!

ಮೊದಲ ಬಸ್ಸಿಗೇ ಬಂದಿಳಿದ ಶಶಿಕುಮಾರ ಜಗಲಿಯಲ್ಲಿ ಕುಳಿತು, ಬೆವರು ಸುರಿಸುತ್ತಿದ್ದ ಭಾವನನ್ನೇ ನೋಡತೊಡಗಿದ.

ಹುಚ್ಚಯ್ಯ ಪ್ಲಗ್ ಸಿಕ್ಕಿಸಿ ಸ್ವಿಚ್ಚು ಒತ್ತಿದೊಡನೆ ಢಬ್ ಎಂದಿತು.

“ಫ್ಯೂಸ್ ಓಯ್ತು! ಬುಡಣ್ಣ, ಇವತ್ತು ಆಗಕಿಲ್ಲ,” ಎಂದ ರಂಗನಾಯಕನ ದನಿಯಲ್ಲಿ ಹಬ್ಬವಿತ್ತು.

“ಬುಡದಾ? ಸತ್ರೂ ಬುಡಕಿಲ್ಲ!”

ಹುಚ್ಚಯ್ಯ ಹೊಸ ಫ್ಯೂಸು ಹಾಕಿ, ಪ್ಲಗ್ಗನ್ನು ಬಿಚ್ಚಿ, ಹಿಂಬದಿಯಿಂದ ನೋಡಿ ಕಟ್ಟಬೇಕಾದ ತಂತಿಗಳನ್ನು ಮುಖದ ಕಡೆಯಿಂದ ನೋಡುತ್ತ ಮತ್ತೆ ಬಿಗಿದ. ಕನ್ನಡಿಯೊಳಗಿನ ಕೈಯನ್ನು ನಂಬಿದವನಂತೆ ಅವನ ಎಡವೆಲ್ಲ ಬಲವಾಯಿತು. ಒಬ್ಬನ ಕಪಟವನ್ನು ಇನ್ನೊಬ್ಬನ ಅಜ್ಞಾನ ತಿದ್ದಿತು. ಎಡ ಒತ್ತಿದರೆ ಎಡ, ಬಲ ಒತ್ತಿದರೆ ಬಲ. ದೀಪಗಳು ಶಾಸ್ತ್ರೋಕ್ತವಾಗಿ ಮಿಣುಕಿದವು.

“ನೋಡ್ದೇನ್ಲಾ, ನನ್ ಕೈ!”

ಗೌರಿ ಪ್ರತಿಭಟಿಸದೆ ಟ್ರೇಲರ್ ಹತ್ತಿತು. ಶಶಿಕುಮಾರ ಜಗಲಿಯಿಂದಿಳಿದು ಬಂದ.

“ಭಾವ, ‘ಅಕ್ಕನ್ ಅಸ ನಿಮ್ತಾವೇ ಇರ್ಲಿ’ ಅಂತ ಯೋಳಿ ಓಗಕೇ ನಾ ಬಂದಿದ್ದು. ಬೆಳಗಿಂದ ನೀವ್ ಪಟ್ಟ ಪಾಡು ನೋಡ್ದೆ. ಕಳ್ಸಕೆ ಇಷ್ಟೊಂದು ಆತ್ರ ಇರೋವಾಗ ನಾ ಯಾಕೆ ಬಲವಂತ ಮಾಡ್ಲಿ?”

“ಅಲ್ಲ ಕಣಪ್ಪ... ನಾನು...”

“ಸಂಕೋಚ ಬ್ಯಾಡಿ ಭಾವ. ನಂಗೆ ಅರ್ಥವಾಯ್ತದೆ,” ಎಂದು ಶಶಿಕುಮಾರ ಮೆಲ್ಲನೆ ಅವನ ಬೆನ್ನು ತಟ್ಟಿ, ಅವನು ಹತ್ತಲೆಂದು ಪಿಕಪ್ಪಿನ ಬಾಗಿಲು ತೆರೆದು ಹಿಡಿದ.