ಸೀಸೆಯೊಳಗಿನ ಎಣ್ಣೆ, ನೀರು

ಬೆಲ್ಲ ನೀರಿನಲ್ಲಿ ಕರಗುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ, ಎಣ್ಣೆ ಮಾತ್ರ ನೀರಿನ ಸಹವಾಸ ಬೇಡವೆಂದು ಮೇಲೆ ನಿಲ್ಲುತ್ತದೆ. ಇಷ್ಟನ್ನು ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುತ್ತಿದ್ದವನು ನಾನು. ಇದರಲ್ಲೂ ತಪ್ಪು ಮಾಡಬೇಕಾದರೆ ವಿಶೇಷ ಪ್ರತಿಭೆ ಬೇಕು. ಅದು ನನ್ನಲ್ಲಿತ್ತೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ, ಪಿಂಚಣಿ ಬರುತ್ತಿದೆ.

ಐವತ್ತರ ದಶಕದ ಕೊನೆಯ ಮಾತು. ಗೌರಿಬಿದನೂರಿನ ಶಾಲೆಯೊಂದರಲ್ಲಿ ಹಂಗಾಮಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಇನ್‌ಸ್ಪೆಕ್ಟರ್ ಬಂದು ನನ್ನ ಪಾಠ ಮೆಚ್ಚಿದರೆ ನೌಕರಿ ಖಾಯಂ. ಇಲ್ಲವಾದರೆ ಮಾವನವರ ಹೊಲದಲ್ಲಿ ಕಡಲೆಕಾಯಿ ಕೀಳುವುದು. ಮಾವನವರಿಗೂ ಈ ಎರಡನೆಯದು ಇಷ್ಟವಿರಲಿಲ್ಲ, ನಾನು ಕಿತ್ತದ್ದನ್ನು ಅವರು ಒಮ್ಮೆ ನೋಡಿದ್ದರು. ಹಾಗಾಗಿ ವಾರವಿಡೀ ಮಕ್ಕಳಿಗೆ ಉತ್ತರಗಳನ್ನು ಉರು ಹೊಡೆಸಿದೆ. ಇನ್‌ಸ್ಪೆಕ್ಟರ್ ಬರುವ ದಿನ ಬೆಳಿಗ್ಗೆ ಮನೆಯಲ್ಲೇ ಒಂದು ಸೀಸೆಗೆ, ಬಚ್ಚಲ ಬಳಿಯಿದ್ದ ಎರಡು ಚೊಂಬುಗಳಲ್ಲಿ ಒಂದನ್ನು ಬರಿದುಮಾಡಿ ಅರ್ಧದವರೆಗೆ ನೀರು ಸುರಿದು, ಮೇಲೆ ಕಡಲೆಕಾಯಿ ಎಣ್ಣೆ ಹಾಕಿ, ಬಿರಡೆ ಜಡಿದು ಹೊರಟೆ. ನೀರು ಕೊಂಚ ಕಂದಾಗಿತ್ತು. ನಮ್ಮ ಕೆರೆಯ ನೀರೂ ಅದೇ ಬಣ್ಣವಾದ್ದರಿಂದ ಅನುಮಾನ ಬರಲಿಲ್ಲ.

ಇನ್‌ಸ್ಪೆಕ್ಟರ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬೆಲ್ಲದ ನೀರು ತೋರಿಸಿದೆ. "ಕರಗಿದೆ ಸಾರ್!" ಎಂದು ತರಗತಿ ಕೂಗಿತು. ಮಣ್ಣಿನ ನೀರಿಗೆ "ತಳ ಕೂತಿದೆ ಸಾರ್!" ಎಂದಿತು. ಜಂಭದಿಂದ ಮೂರನೆಯ ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಿ ಮೇಜಿನ ಮೇಲಿಟ್ಟೆ. ಒಳಗೆ ಗಟ್ಟಿ ಮಜ್ಜಿಗೆಯಂಥದ್ದೇನೋ, ಮೇಲೆ ಒಂದು ಬೆರಳು ನೊರೆ! ಎಷ್ಟು ಕಾದರೂ ಬೇರೆಯಾಗಲೊಲ್ಲದು. ಅಷ್ಟರಲ್ಲಿ ನಲವತ್ತು ಮಕ್ಕಳೂ ಆ ಬಿಳೀ ಸೀಸೆಯನ್ನೇ ನೋಡುತ್ತಾ ಒಕ್ಕೊರಲಿನಿಂದ, "ಬೇರೆ ಬೇರೆ ನಿಂತಿವೆ ಸಾರ್!" ಎಂದುಬಿಟ್ಟರು.

ಇನ್‌ಸ್ಪೆಕ್ಟರ್ ಎದ್ದು ಬಂದರು. ಬಿರಡೆ ತೆಗೆದು ಮೂಸಿದರು. ಅವರ ಮುಖ ಅರಳಿತು.

"ಭಲೇ ಮೇಷ್ಟ್ರೇ! ಅಂಟುವಾಳ ಹಾಕಿ ಎಣ್ಣೆ ನೀರು ಬೆರೆಸಿ ಎಮಲ್ಷನ್ನೇ ತೋರಿಸ್ಬಿಟ್ರಲ್ಲ! ಮನೇಲಿರೋ ಸಾಮಾನಲ್ಲೇ ಇಷ್ಟು ಚೆನ್ನಾಗಿ ಮಾಡಿದ್ದು ನಾನು ಎಲ್ಲೂ ಕಂಡಿಲ್ಲ. ಮಕ್ಕಳಿಗೆ ಮಾತ್ರ ಸ್ವಲ್ಪ ಕಣ್ಣು ಬಿಟ್ಟು ನೋಡೋದು ಕಲಿಸ್ರಪ್ಪ."

"ಕಲಿಸ್ತೀನಿ ಸಾರ್," ಎಂದೆ. ಹೋದ ಜೀವ ಬಂದಂತಾಯಿತು. ಅಂಟುವಾಳ ಎಲ್ಲಿಂದ ಬಂತೆಂದು ಮಾತ್ರ ತಿಳಿಯಲಿಲ್ಲ. ವರದಿಯಲ್ಲಿ ಅವರು ಎರಡು ಸಾಲು ಹೊಗಳಿಕೆ ಬರೆದದ್ದನ್ನು ಹೆಡ್ಮಾಸ್ತರರು ನನಗೆ ಓದಿ ಹೇಳಿದರು. ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ.

ಹಿತ್ತಿಲಲ್ಲಿ ನನ್ನ ಹೆಂಡತಿ ಮದುವೆಯ ರೇಷ್ಮೆ ಸೀರೆ ಹರಡಿಕೊಂಡು, ಕೆದರಿದ ತಲೆಯಲ್ಲಿ ಕೂತಿದ್ದಳು. ಶಿಡ್ಲಘಟ್ಟದ ಮದುವೆಯೊಂದರಲ್ಲಿ ಹಪ್ಪಳ ಬಡಿಸಲು ಹೋಗಿ ಅದರ ಸೆರಗಿಗೆ ಎಣ್ಣೆ ಕಲೆ ಮಾಡಿದ್ದವನು ನಾನೇ.

"ರೀ, ರಾತ್ರಿ ನೆನೆಹಾಕಿ ಸೋಸಿಟ್ಟಿದ್ದ ಅಂಟುವಾಳದ ನೀರಲ್ಲಿ ಮಧ್ಯಾಹ್ನದಿಂದ ಒಗೀತಾ ಇದೀನಿ. ಒಂಚೂರೂ ನೊರೆ ಬರ್ಲಿಲ್ಲ. ಎಣ್ಣೆ ಬಿಡೋದೇ ಇಲ್ಲ ಅಂತದೆ ಕಣ್ರೀ!"

ಅವಳ ಪಕ್ಕದಲ್ಲಿದ್ದುದು ಬೆಳಿಗ್ಗೆ ನಾನು ಮುಟ್ಟದೆ ಬಿಟ್ಟಿದ್ದ ಎರಡನೆಯ ಚೊಂಬು. ಅದರಲ್ಲಿದ್ದುದು ಬರೀ ಕೆರೆಯ ನೀರು. ಎಣ್ಣೆಯೂ ನೀರೂ ಬೆರೆಯುವುದಿಲ್ಲವೆಂಬ ಪ್ರಯೋಗವನ್ನು ಆ ದಿನ ಊರಿನಲ್ಲಿ ಸರಿಯಾಗಿ ಮಾಡಿ ತೋರಿಸಿದವಳು ಅವಳೊಬ್ಬಳೇ. ನೌಕರಿ ಖಾಯಂ ಆದದ್ದು ನನ್ನದು.