ಮಾವನ ಹನ್ನೊಂದು ಮೀನಿನ ಪೆಟ್ಟಿಗೆಗಳು

ಕಳೆದ ಆಷಾಢದ ಮೊದಲ ಭಾನುವಾರ ನಾವುಂದದ ನನ್ನ ಸೋದರಮಾವ ಮನೆಯ ಕಾಗದಪತ್ರಗಳನ್ನೆಲ್ಲ ಮೀನಿನ ಪೆಟ್ಟಿಗೆಗಳಿಗೆ ವರ್ಗಾಯಿಸಿದರು. ಹನ್ನೊಂದು ಥರ್ಮಾಕೋಲ್ ಪೆಟ್ಟಿಗೆಗಳು. ಬೋಟುಗಳು ದಡ ಸೇರಿದ್ದ ಕಾಲವಾದ್ದರಿಂದ ಗಂಗೊಳ್ಳಿ ಬಂದರಿನಲ್ಲಿ ಸುಲಭವಾಗಿ ಸಿಕ್ಕಿದವು. ಗಾಳಿ ನುಗ್ಗುವುದಿಲ್ಲ, ಒರಲೆ ಹುಳ ಹಿಡಿಯುವುದಿಲ್ಲ ಎಂಬುದು ಮಾವನ ಸಂಶೋಧನೆ. ಅಂಟುವಾಳ ಹಾಕಿ ಮೂರು ಸಲ ತೊಳೆದರು. ನಾಲ್ಕನೇ ದಿನ ಊರಿನ ಬೆಕ್ಕುಗಳು ಬಂದವು.

ನಮ್ಮ ಕುಟುಂಬದ ಇತಿಹಾಸದಲ್ಲಿ ಯಾರಾದರೂ ಆಸಕ್ತಿ ತೋರಿಸಿದ್ದು ಅದೇ ಮೊದಲು!

ಮಾವ ಏನನ್ನೂ ಎಸೆಯುವುದಿಲ್ಲ. ಎಸೆಯಲೇಬೇಕಾದ್ದನ್ನಂತೂ ಮುಟ್ಟಲೂ ಬಿಡುವುದಿಲ್ಲ. ಮದುಮಕ್ಕಳು ಈಗ ಅಜ್ಜ ಅಜ್ಜಿಯಾಗಿರುವ ಮದುವೆಗಳ ಕರೆಯೋಲೆ, ಸಾಲಿಗ್ರಾಮಕ್ಕೆ ಹೋಗಿಬಂದ ಬಸ್ಸಿನ ಟಿಕೇಟು, ಎಂದೋ ಸತ್ತ ಎಮ್ಮೆಯ ಚುಚ್ಚುಮದ್ದಿನ ಚೀಟಿ. ಇದೆಲ್ಲ ಎಂತಕೆ ಎಂದು ಕೇಳಿದೆ.

"ನಾಳೆ ಯಾರಾರೂ ಕೇಂಡ್ರೆ?"

"ಯಾರ್ ಕೇಂತ್ರ್ ಮಾವ?"

"ಅದ್ ಗೊತ್ತಿಲ್ದೇ ಅಲ್ದಾ ಇಟ್ಕಂಡದ್."

ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದೇನೆ. ಇಷ್ಟು ಭದ್ರವಾದ ಹೇಳಿಕೆಯನ್ನು ಯಾವ ಮಂತ್ರಿಯೂ ಕೊಟ್ಟಿಲ್ಲ.

ಮೀನಿನ ಪೆಟ್ಟಿಗೆಗೆ ಮೊದಲು ಲ್ಯಾಮಿನೇಶನ್ ಯುಗವಿತ್ತು. ತೇವ ತಾಗದಿರಲೆಂದು ಫೋಟೊಗಳನ್ನೆಲ್ಲ ಕುಂದಾಪುರಕ್ಕೆ ಒಯ್ದು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಸಿದರು. ಒಯ್ದದ್ದು ಜಡಿಮಳೆಯಲ್ಲಿ! ತೇವ ಒಳಗೇ ಸುರಕ್ಷಿತವಾಗಿ ಉಳಿಯಿತು. ವರ್ಷದೊಳಗೆ ಮೀಸೆಯೂ ಇಲ್ಲದ ಅಜ್ಜನಿಗೆ ಬೂಷ್ಟಿನ ಗಡ್ಡ ಬಂತು. ಅಜ್ಜನಿಗೆ ಗಡ್ಡ ಒಪ್ಪುತ್ತದೆ ಎಂದರು ಮಾವ.

ಈ ಭಂಡಾರದಿಂದ ಅವರ ತಂಗಿಗೆ, ಅಂದರೆ ನನ್ನ ಅಮ್ಮನಿಗೆ, ಬೇಕಿದ್ದುದು ಒಂದೇ ಕಾಗದ. ಅಮ್ಮನ ಕಿರಿಯ ತಮ್ಮ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ತೀರಿಕೊಂಡರು. ಅಮ್ಮ ಆಗ ನನ್ನನ್ನು ಹೆತ್ತ ಬಾಣಂತಿ. ಮೂರು ತಿಂಗಳು ಅವರಿಂದ ಸುದ್ದಿ ಮುಚ್ಚಿಟ್ಟರು. ಸಾವಿನ ಕಾಗದವನ್ನು ಒಳಗೆ ತರಬಾರದು, ಓದಿ ಹೊರಗೇ ಹರಿಯಬೇಕು ಎಂಬುದು ನಮ್ಮ ಹಿರಿಯರ ಪದ್ಧತಿ. ಹೋಟೆಲಿನಿಂದ ಬಂದ ಕಾಗದವನ್ನು ಮಾವ ಅಂಗಳದಲ್ಲಿ ನಿಂತು ಓದಿದರು, ಹರಿದರು. ಆಮೇಲೆ ಕೇಳಿದರೆ ತೀರಿಹೋದ ದಿನ ನೆನಪಿಲ್ಲ. ಆ ಹೋಟೆಲೂ ಈಗಿಲ್ಲ. ಹಾಗಾಗಿ ಅಮ್ಮ ಪ್ರತಿ ವರ್ಷ ದಿನ ತಿಳಿಯದವರ ಲೆಕ್ಕದಲ್ಲಿ, ಮಹಾಲಯ ಅಮಾವಾಸ್ಯೆಗೆ ತಮ್ಮನಿಗೆ ಎಲೆ ಹಾಕುತ್ತಾರೆ.

ಎಮ್ಮೆಗೆ ಚುಚ್ಚಿದ ತಾರೀಕು ಗೊತ್ತಿರುವ ಮನೆಯಲ್ಲಿ!

ಬೆಕ್ಕಿನ ಕಾಟ ತಾಳಲಾರದೆ ಅತ್ತೆ ತೀರ್ಪು ಕೊಟ್ಟರು: ಎಲ್ಲವೂ ಬಚ್ಚಲೊಲೆಗೆ. ಉಳಿಸಬೇಕಾದ್ದನ್ನು ಆರಿಸಲು ನನ್ನನ್ನು ಕರೆಸಿದರು. ಅಮ್ಮನೂ ಜೊತೆಗೆ ಬಂದರು. ಕತ್ತರಿಸುವುದು ನನಗೆ ರೂಢಿ. ಮಧ್ಯಾಹ್ನಕ್ಕೆ ಮೊದಲ ಪೆಟ್ಟಿಗೆಯ ಕಾಗದ ಪೂರ್ತಿ ಉರಿದು ಹಂಡೆಯ ನೀರು ಕುದಿಯುತ್ತಿತ್ತು.

ಎರಡನೆಯದನ್ನು ಎತ್ತುವಾಗ ಮಾವ ಎದ್ದು ದನದ ಹಟ್ಟಿಗೆ ಹೋದರು. ಮಾಡಿನ ಹಂಚಿನಡಿ ಸಿಕ್ಕಿಸಿದ್ದ ಬಿಸ್ಕತ್ತಿನ ಡಬ್ಬಿ ತಂದು ಅಂಗಳದಲ್ಲೇ ನಿಂತರು, ಒಳಗೆ ಬರಲಿಲ್ಲ. ಡಬ್ಬಿಯಲ್ಲಿ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಗಂಜಿ ಹಚ್ಚಿ ಅಂಟಿಸಿದ ಕಾಗದದ ಚೂರುಗಳಿದ್ದವು. ಒಂದು ಚುಕ್ಕೆ ಬೂಷ್ಟಿಲ್ಲ. ಮೇಲಿನ ಮೂಲೆ ಮಾತ್ರ ಖಾಲಿ.

"ಹರ್ದವ ನಾನೇ," ಎಂದರು. "ಬೈಗಿಗೆ ಹೆಕ್ಕುಕೆ ಹೋದೆ. ತಾರೀಕ್ ಇದ್ದ ಚೂರೊಂದ್ ಸಿಕ್ಕಲಿಲ್ಲ. ಗಾಳಿಗೆ ಜಗಲಿ ಮೇಲಿನ ಯಾವ ಕಾಗ್ದದೊಟ್ಟಿಗೆ ಸೇರಿತೋ. ಅದ್ರ್ ಮೇಲೆ ಒಂದನ್ನೂ ಬಿಸಾಡುಕೆ ಧೈರ್ಯ ಬರಲಿಲ್ಲ. ತಂಗಿ ಕೇಂಡ್ರೆ ಎಂತ ಹೇಳುದ್?"

ಅಮ್ಮ ತನ್ನ ಕನ್ನಡಕ ತರಲು ಹೇಳಿದರು. ಅತ್ತೆ ಒಲೆಗೆ ನೀರು ಸುರಿದರು.

ಉಳಿದದ್ದು ಹತ್ತು ಪೆಟ್ಟಿಗೆ. ನಿನ್ನೆ ಸಂಜೆಯವರೆಗೆ ಅಣ್ಣ ತಂಗಿ ಸೇರಿ ಆರನ್ನು ನೋಡಿ ಮುಗಿಸಿದ್ದಾರೆ. ಚೂರು ಸಿಕ್ಕಿಲ್ಲ.